ಇಪ್ಪತ್ತೇಳು ಸಾವಿರದಾಚೆಯ ಶಾಮಿಯಾನ

ಬೆಳಗ್ಗೆ ಆರೂವರೆ. ಮೊದಲ ಲೋಟದ ಕಾಫಿ ಇನ್ನೂ ತುಟಿಗೆ ತಾಗಿರುವುದಿಲ್ಲ, ಫೋನು ಹೊಡೆದುಕೊಳ್ಳುತ್ತದೆ.

“ಸಾರ್, ಇಪ್ಪತ್ತೆಂಟಕ್ಕೆ ಇನ್ನೂರು ಕುರ್ಚಿ, ಹತ್ತು ಊಟದ ಟೇಬಲ್ಲು, ನಾಲ್ಕು ಕೊಳದಪ್ಪಲೆ. ಮೇಲೆ ಹಾಕೋದು ಸೋರಬಾರ್ದು ನೋಡಿ. ಹೋದ ಸಲ ಸಾರಿಗಿಂತ ಮಳೆನೀರೇ ಜಾಸ್ತಿ ಬಡಿಸಿದಂಗಾಯ್ತು.”

ನಾನು ಶಾಮಿಯಾನದವನಲ್ಲ. ಶಿವಮೊಗ್ಗದಲ್ಲಿ ಇಪ್ಪತ್ತೆಂಟು ವರ್ಷ ಜೂನಿಯರ್ ಕಾಲೇಜಿನ ಹುಡುಗರಿಗೆ ಕನ್ನಡ ಪಾಠ ಹೇಳಿ ನಿವೃತ್ತನಾದವನು. ನನ್ನ ಹತ್ತಿರ ಇರುವುದು ಒಟ್ಟು ಏಳು ಕುರ್ಚಿ, ಅದರಲ್ಲಿ ಒಂದರ ಕಾಲು ಅಲ್ಲಾಡುತ್ತದೆ. ಇದನ್ನು ಮೊದಮೊದಲು ವಿನಯದಿಂದ ಹೇಳುತ್ತಿದ್ದೆ. ಆಮೇಲಾಮೇಲೆ ಸಿಡುಕಿನಿಂದ ಹೇಳತೊಡಗಿದೆ. ಕೊನೆಗೆ ಹೇಳುವುದನ್ನೇ ಬಿಟ್ಟು, ‘ಆಯ್ತು, ತಾರೀಕು ಬರ್ಕೊಂಡೆ’ ಎಂದುಬಿಟ್ಟದ್ದೂ ಉಂಟು. ಒಮ್ಮೆ ಚೌಕಾಸಿ ಮಾಡಿದ ಒಬ್ಬರಿಗೆ ಕುರ್ಚಿಗೆ ಒಂದು ರೂಪಾಯಿ ಇಳಿಸಿಯೂ ಕೊಟ್ಟೆ. ಆ ಮದುವೆ ಏನಾಯಿತೋ, ಜನ ನಿಂತೇ ಉಂಡರೋ, ಇವತ್ತಿಗೂ ನೆನೆಸಿಕೊಂಡರೆ ಎದೆ ಧಸಕ್ಕೆನ್ನುತ್ತದೆ.

ಕಾರಣ ಪತ್ತೆಯಾದದ್ದು ಒಬ್ಬ ಅಜ್ಜಿಯಿಂದ. “ಯಾವ ನಂಬರು ಒತ್ತಿದಿರಿ, ಅಮ್ಮಾ?” ಎಂದು ಕೇಳಿದೆ. “ಇಲ್ಲೇ ಕುರ್ಚಿ ಬೆನ್ನ ಮೇಲೆ ಬರ್ದದೆ ಕಣಪ್ಪ” ಎನ್ನುತ್ತ ಆಕೆ ಬಿಳಿ ಪೇಂಟಿನ ಒಂದೊಂದೇ ಅಂಕಿಯನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ ಓದಿದರು. ಹತ್ತರಲ್ಲಿ ಎಂಟು ಅಂಕಿ ನನ್ನವೇ, ಅದೇ ಸಾಲಿನಲ್ಲಿ. ನಡುವೆ ಒಂದು ಕಡೆ ಮಾತ್ರ ನನ್ನದು ನಾಲ್ಕು-ಏಳು, ಶಾಮಿಯಾನದವನದು ಏಳು-ನಾಲ್ಕು. ಅದಾದ ಮೇಲೆ ಮತ್ತೆ ಮೂರಂಕಿ ಒಂದೇ. ಅವಸರದಲ್ಲಿರುವವರ ಬೆರಳು ಏಳನ್ನು ಹಿಂದೆ ಹಾಕಿ ನಾಲ್ಕನ್ನು ಮುಂದೆ ತಂದಾಗಲೆಲ್ಲ ಕೊಳದಪ್ಪಲೆ ನನ್ನ ಮನೆಗೆ ಬರುತ್ತಿತ್ತು.

ಫೋನಿಟ್ಟ ಮೇಲೆ ಏನನ್ನಿಸಿತೋ, ಪೇಪರಿನ ಅಂಚಿನಲ್ಲಿ ಅವನ ನಂಬರು ಬರೆದು ಅದರಿಂದ ನನ್ನದನ್ನು ಕಳೆದೆ. ಸರಿಯಾಗಿ 27,000 ಬಂತು. ಕಣ್ಣೆದುರು ಬಂದು ನಿಂತವರು ನನ್ನ ದೊಡ್ಡಪ್ಪ.

ದೊಡ್ಡಪ್ಪ ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಜೆ ಕಿರ್ದಿ ಪುಸ್ತಕ ತಾಳೆಯಾಗದಿದ್ದರೆ ಉಳಿದ ಗುಮಾಸ್ತರು ತಲೆಯ ಮೇಲೆ ಕೈಹೊತ್ತು ಮೊದಲಿನಿಂದ ಕೂಡಿಸಲು ಹೊರಡುತ್ತಿದ್ದರು. ದೊಡ್ಡಪ್ಪ ಮಾತ್ರ ಕವಳ ಹಾಕಿಕೊಂಡು, “ಎಷ್ಟು ವ್ಯತ್ಯಾಸ?” ಎಂದು ಕೇಳುತ್ತಿದ್ದರು. ಅರವತ್ಮೂರು ರೂಪಾಯಿ ಎಂದರೆ, “ಒಂಬತ್ತಕ್ಕೆ ಹೋಗ್ತದಲ್ಲ. ಯಾರೋ ಅಂಕಿ ತಿರುವುಮುರುವು ಬರ್ದಿದಾನೆ. ಅದನ್ನೇ ಹುಡುಕಿ” ಎನ್ನುವರು. ಹುಡುಕಿದರೆ ಎಲ್ಲೋ ಒಂದು ಕಡೆ 81 ಇರಬೇಕಾದಲ್ಲಿ 18 ಕೂತಿರುತ್ತಿತ್ತು. ಪಕ್ಕಪಕ್ಕದ ಎರಡು ಅಂಕಿ ಜಾಗ ಬದಲಾಯಿಸಿದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ. ಇದಕ್ಕೆ ಕಾರಣ ಕೇಳಿದರೆ ದೊಡ್ಡಪ್ಪ, “ಅದು ಹಂಗೇಯ. ಹತ್ತರ ಮನೇಲಿದ್ದವ ಒಂದರ ಮನೆಗೆ ಬಂದ್ರೆ ಒಂಬತ್ತು ಪಾಲು ಕಳ್ಕಳ್ತಾನೆ” ಎಂದು ಕವಳ ಉಗುಳಲು ಎದ್ದು ಹೋಗುತ್ತಿದ್ದರು. ಆ ಒಂದು ವಾಕ್ಯದಲ್ಲಿ ಇಡೀ ಸಿದ್ಧಾಂತ ಇತ್ತು ಎಂದು ನನಗೆ ತಿಳಿಯಲು ಅರವತ್ತು ದಾಟಬೇಕಾಯಿತು.

ಇಪ್ಪತ್ತೇಳು ಸಾವಿರ ಎಂದರೆ ಒಂಬತ್ತು ಮೂರಲಿ ಇಪ್ಪತ್ತೇಳು, ಮುಂದೆ ಮೂರು ಸೊನ್ನೆ. ಏಳರಲ್ಲಿ ನಾಲ್ಕು ಕಳೆದರೆ ಮೂರು. ಎಲ್ಲ ಸರಿಯಾಗಿದೆ. ಇದನ್ನು ತಡೆಯುವ ವ್ಯವಸ್ಥೆಯೂ ಜಗತ್ತಿನಲ್ಲಿದೆ ಎಂದು ಆಮೇಲೆ ಓದಿದೆ. ನಮ್ಮ ಆಧಾರ್ ಸಂಖ್ಯೆಯ ಹನ್ನೆರಡನೇ ಅಂಕಿ ಸುಮ್ಮನೆ ಕೂತಿಲ್ಲವಂತೆ. ಅದು ಹಿಂದಿನ ಹನ್ನೊಂದನ್ನು ಕಾಯುವ ಪಹರೆಯವನು. ಒಂದಂಕಿ ತಪ್ಪಿದರೂ, ಪಕ್ಕದ ಎರಡು ಅದಲುಬದಲಾದರೂ ‘ಇದು ಸುಳ್ಳು ನಂಬರು’ ಎಂದು ಹಿಡಿದುಬಿಡುತ್ತಾನೆ. 1969ರಲ್ಲಿ ವೆರ್ಹೂಫ್ ಎಂಬ ಡಚ್ ಗಣಿತಜ್ಞ ಹೊಸೆದ ಯುಕ್ತಿ ಇದು. ಮೊಬೈಲ್ ನಂಬರಿಗೆ ಅಂಥ ಕಾವಲುಗಾರನಿಲ್ಲ. ಹತ್ತಕ್ಕೆ ಹತ್ತೂ ಬಾಗಿಲು ತೆರೆದಿಟ್ಟ ಮನೆ, ಯಾರು ಬೇಕಾದರೂ ನುಗ್ಗಬಹುದು.

ಆ ದಿನದಿಂದ ನನ್ನ ನಂಬರಿನ ಮೇಲೆ ನನಗೊಂದು ಕುತೂಹಲ ಹುಟ್ಟಿತು. ಇಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದೇನೆ, ಗ್ಯಾಸಿನವನಿಗೆ, ಕೊರಿಯರಿನವನಿಗೆ, ಬಟ್ಟೆ ಅಂಗಡಿಯ ಬಿಲ್ಲಿನ ಹುಡುಗಿಗೆ ಬೇಕು ಬೇಡವೆನ್ನದೆ ಒಪ್ಪಿಸಿದ್ದೇನೆ. ಆದರೆ ಅದೊಂದು ಸಂಖ್ಯೆ ಎಂದು ಯಾವತ್ತಾದರೂ ನೋಡಿದ್ದೇನೆಯೇ? ನಾವು ಅದನ್ನು ಓದುವುದೇ ಸಂಖ್ಯೆಯ ಹಾಗಲ್ಲ. ಒಬ್ಬರು ಎರಡೆರಡಾಗಿ ತುಂಡು ಮಾಡುತ್ತಾರೆ, ಇನ್ನೊಬ್ಬರು ಐದೈದಾಗಿ, ಕೆಲವರು ‘ಡಬಲ್ ತ್ರೀ’ ಎಂದು ಜೋಡಿ ಹುಡುಕುತ್ತ ಎಡವುತ್ತಾರೆ. ಒಂದು ದಿನ ಬ್ಯಾಂಕಿನ ಕೌಂಟರಿನಲ್ಲಿ ನಂಬರು ಕೇಳಿದಾಗ ನಾನು ಗಂಭೀರವಾಗಿ, “ಒಂಬೈನೂರ ಎಂಬತ್ತ...” ಎಂದು ಆರಂಭಿಸಿ ಕೋಟಿ, ಲಕ್ಷ, ಸಾವಿರ ಎಂದು ಮುಗಿಸಿದೆ. ಆ ಹುಡುಗಿ ಕೀಬೋರ್ಡಿನ ಮೇಲಿಂದ ಕೈ ತೆಗೆದು, “ಸಾರ್, ಬ್ಯಾಲೆನ್ಸ್ ಅಲ್ಲ, ಫೋನ್ ನಂಬರ್” ಎಂದಳು. ಹಿಂದೆ ನಿಂತಿದ್ದ ಮೂವರು ನನ್ನನ್ನು ಹೊಸ ಗೌರವದಿಂದ ನೋಡಿದರು.

ನಂಬರನ್ನು ಇಲ್ಲಿ ಬರೆಯುವುದಿಲ್ಲ, ಇರುವ ಶಾಮಿಯಾನದ ಕಾಟವೇ ಸಾಕು. ಆದರೆ ಅದರ ಗುಣಸ್ವಭಾವ ಹೇಳಲು ಅಡ್ಡಿಯಿಲ್ಲ. ಬೆಸ ಸಂಖ್ಯೆ. ಕೊನೆಯಲ್ಲಿ ಐದಿಲ್ಲ. ಅಂಕಿಗಳನ್ನೆಲ್ಲ ಕೂಡಿಸಿದರೆ 52, ಆದ್ದರಿಂದ ಮೂರಕ್ಕೂ ಹೋಗದು, ಒಂಬತ್ತಕ್ಕೂ ಹೋಗದು. ಶಾಮಿಯಾನದವನದೂ 52, ಅವೇ ಅಂಕಿಗಳಲ್ಲವೇ! ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರ ಹಾಗೆ. ಇಷ್ಟು ಗೊತ್ತಾದ ಮೇಲೆ ಮುಂದಿನ ಪ್ರಶ್ನೆ ತಾನಾಗಿ ಎದ್ದು ನಿಂತಿತು. ನನ್ನದು ಅವಿಭಾಜ್ಯ ಸಂಖ್ಯೆಯೋ?

ಕನ್ನಡ ಮೇಷ್ಟರಿಗೆ ಈ ಪದ ಸಿಕ್ಕರೆ ಬಿಟ್ಟು ಮುಂದೆ ಹೋಗುವುದು ಕಷ್ಟ. ಅವಿಭಕ್ತ ಎಂದರೆ ಒಡೆಯದೆ ಇರುವುದು. ಅವಿಭಾಜ್ಯ ಎಂದರೆ ಒಡೆಯಲಾಗದ್ದು. ನಮ್ಮದು ನಾನು ಹೈಸ್ಕೂಲು ಮುಗಿಸುವ ತನಕ ಅವಿಭಕ್ತ ಕುಟುಂಬವಾಗಿತ್ತು. ಅವಿಭಾಜ್ಯ ಎಂದು ಎಲ್ಲರೂ ನಂಬಿದ್ದರು. ಹಿಸ್ಸೆಯ ದಿನ ಗದ್ದೆ, ತೋಟ, ಕೊಟ್ಟಿಗೆ, ತಾಮ್ರದ ಹಂಡೆ, ಎಲ್ಲವೂ ಮೂರು ಪಾಲಾಗಿ ಸಲೀಸಾಗಿ ಒಡೆದುಕೊಂಡವು. ಹಿತ್ತಿಲ ಬಾವಿ ಮಾತ್ರ ಮೂರಕ್ಕೆ ಹೋಗಲಿಲ್ಲ, ಶೇಷವಾಗಿ ಉಳಿಯಿತು. ಇವತ್ತಿಗೂ ಮೂರು ಮನೆಯವರೂ ಅದರಿಂದಲೇ ಸೇದುತ್ತಾರೆ. ಮಾತಿಲ್ಲದವರೂ ಅಲ್ಲಿ ಮಾತಾಡಲೇಬೇಕು, ಹಗ್ಗ ಒಂದೇ ಇರುವುದರಿಂದ.

ಹತ್ತಂಕಿಯ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಎರಡೂ ದೊಡ್ಡದಾಗಿರಲು ಸಾಧ್ಯವಿಲ್ಲವಲ್ಲ, ಒಂದಾದರೂ ಲಕ್ಷದೊಳಗೇ ಸಿಗಬೇಕು. ಲಕ್ಷದೊಳಗೆ ಇರುವ ಅವಿಭಾಜ್ಯಗಳು 9,592. ಅಂದರೆ ಹೆಚ್ಚೆಂದರೆ ಅಷ್ಟು ಭಾಗಾಕಾರ. ನಿವೃತ್ತನಿಗೆ ಇದಕ್ಕಿಂತ ಹದವಾದ ಕೆಲಸ ಯಾವುದಿದೆ! ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಒಂದರಿಂದ ಸಾವಿರದವರೆಗೆ ಬರೆದು, ಎರಡರ ಅಪವರ್ತ್ಯಗಳು, ಮೂರರ ಅಪವರ್ತ್ಯಗಳು ಎಂದು ಒಂದೊಂದೇ ಮಗ್ಗಿ ಹೊಡೆದುಹಾಕುತ್ತ ಜರಡಿ ಹಿಡಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಎರಟೋಸ್ತನೀಸ್ ಎಂಬ ಗ್ರೀಕನ ಜರಡಿ. ಜಳ್ಳು ಹೋಗಿ 168 ಗಟ್ಟಿ ಕಾಳು ಉಳಿದವು. ಸಾವಿರ ಮುಗಿದ ಮೇಲೆ ಮುಂದಿನದನ್ನು ನೋಡೋಣ ಎಂದುಕೊಂಡು ಇನ್ನೂರು ಪುಟದ ನೋಟುಬುಕ್ಕು ತಂದೆ. ಇವಳು, “ರೀ, ಏನದು ಮತ್ತೆ ಕಾದಂಬರಿಯಾ?” ಎಂದು ಆತಂಕದಿಂದ ಕೇಳಿದಳು. ಲೆಕ್ಕ ಎಂದಾಗ ಅವಳ ಮುಖದಲ್ಲಿ ಮೂಡಿದ ನಿರಾಳವನ್ನು ನಾನಿನ್ನೂ ಕ್ಷಮಿಸಿಲ್ಲ.

ಮಗ್ಗಿಯೆಂದರೆ ನನಗೆ ಅಷ್ಟಕ್ಕಷ್ಟೇ. ಚಿಕ್ಕಂದಿನಲ್ಲಿ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ದೊಡ್ಡಪ್ಪ ಮಗ್ಗಿ ಹೇಳಿಸುತ್ತಿದ್ದರು. ಹತ್ತರ ತನಕ ಬಂಡಿ ತಾನಾಗಿ ಉರುಳುತ್ತದೆ. ಹನ್ನೆರಡು ಸಲೀಸು, ಹದಿನೈದು ಹಾಡಿನ ಹಾಗೆ, ಹದಿನಾರಕ್ಕೆ ಅಣೆಯ ಕಾಲದ ಹಿರಿಯರ ಬೆಂಬಲ ಇತ್ತು. ಹದಿನೇಳಕ್ಕೆ ಯಾರೂ ದಿಕ್ಕಿಲ್ಲ. ಅದರಿಂದ ಏನನ್ನೂ ಅಳೆಯುವುದಿಲ್ಲ, ಯಾವ ನಾಣ್ಯವೂ ಅದಕ್ಕೆ ಒಡೆಯುವುದಿಲ್ಲ. ‘ಹದಿನೇಳಾರ್ಲ ನೂರಾಎರಡು’ವರೆಗೆ ಏದುಸಿರು ಬಿಡುತ್ತ ಬಂದು, ‘ಹದಿನೇಳೇಳ್ಲ’ ಎಂದು ನಿಂತು, ಬಾಯಿಗೆ ಸಿಕ್ಕಿದ ಪ್ರಾಸ ಹಿಡಿದು ‘ನೂರಾಹದಿನೇಳು’ ಎನ್ನುತ್ತಿದ್ದೆ. ದಿನಾ ಅದೇ ತಪ್ಪು, ದಿನಾ ಅದೇ ಕಿವಿ. ಮುಂದೆ ಕನ್ನಡ ಮೇಷ್ಟರಾಗುವವನ ಲಕ್ಷಣ ಆಗಲೇ ಇತ್ತು. ಲೆಕ್ಕಕ್ಕಿಂತ ಪ್ರಾಸ ಮುಖ್ಯ.

ಹೊಡೆಯುವುದು ಬೇಸರವಾದ ಒಂದು ದಿನ ದೊಡ್ಡಪ್ಪ ಪಕ್ಕದಲ್ಲಿ ಕೂರಿಸಿಕೊಂಡು ಒಂಬತ್ತು ಕಳೆದು ತಾಳೆ ನೋಡುವುದನ್ನು ಹೇಳಿಕೊಟ್ಟರು. “ಹದಿನೇಳರ ಒಂದು, ಏಳು ಕೂಡ್ಸು. ಎಂಟಾಯ್ತಾ? ಎಂಟೇಳ್ಲ ಐವತ್ತಾರು. ಐದು, ಆರು ಕೂಡ್ಸು, ಹನ್ನೊಂದು. ಅದನ್ನೂ ಕೂಡ್ಸು, ಎರಡು. ಈಗ ನಿನ್ನ ನೂರಾಹದಿನೇಳು ತಗ. ಒಂದು, ಒಂದು, ಏಳು. ಒಂಬತ್ತಾಯ್ತು. ಎರಡು ಬರ್ಲಿಲ್ಲ. ಅಂದ್ರೆ ನೀನು ಸುಳ್ಳ. ನೂರಾಹತ್ತೊಂಬತ್ತು ನೋಡು. ಒಂದು, ಒಂದು, ಒಂಬತ್ತು, ಹನ್ನೊಂದು. ಎರಡು! ಅವ ಸತ್ಯವಂತ.” ನನಗೆ ರೋಮಾಂಚನವಾಯಿತು. ಸಂಖ್ಯೆ ತನ್ನ ಸಾಕ್ಷಿಯನ್ನು ತನ್ನ ಸೊಂಟಕ್ಕೇ ಕಟ್ಟಿಕೊಂಡು ಓಡಾಡುತ್ತದೆ! ಒಂದೇ ಎಚ್ಚರ ಹೇಳಿದ್ದರು, ಈ ತಾಳೆಗೆ ತಿರುವುಮುರುವು ಸಿಕ್ಕುವುದಿಲ್ಲ ಎಂದು. ಅಂಕಿಗಳು ಜಾಗ ಬದಲಾಯಿಸಿದರೂ ಮೊತ್ತ ಅದೇ ಅಲ್ಲವೇ.

ಭಾಗಾಕಾರ ಆಷಾಢದಲ್ಲಿ ಶುರುವಾಯಿತು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಏಳು, ಹನ್ನೊಂದು, ಹದಿಮೂರು, ಹದಿನೇಳು, ಹತ್ತೊಂಬತ್ತು. ಯಾವುದಕ್ಕೂ ಹೋಗಲಿಲ್ಲ. ಪ್ರತಿ ಸಲ ಕೊನೆಯಲ್ಲಿ ಒಂದು ಶೇಷ ಉಳಿದಾಗ ಎದೆ ಉಬ್ಬುತ್ತಿತ್ತು. ನೂರು ದಾಟಿದಾಗ ಇವಳಿಗೆ ಹೇಳಿದೆ. ಇನ್ನೂರು ದಾಟಿದಾಗ ವಾಕಿಂಗಿನ ಗೆಳೆಯರಿಗೆ ಹೇಳಿದೆ. ಅವರಲ್ಲಿ ಒಬ್ಬರು, “ಅವಿಭಾಜ್ಯ ಆದ್ರೆ ರೀಚಾರ್ಜ್ ಕಮ್ಮಿ ಆಗುತ್ತಾ?” ಎಂದು ಕೇಳಿದರು. ಅವರು ತಮ್ಮ ಕಾರಿನ ನಂಬರಿನ ಮೊತ್ತ ಒಂಬತ್ತು ಬರಲಿ ಎಂದು ದುಡ್ಡು ಸುರಿದವರು. ನಾನೇನೂ ಹೇಳಲಿಲ್ಲ.

ಉತ್ಸಾಹದಲ್ಲಿ ಲೈಬ್ರರಿಗೂ ಹೋದೆ. ಅಲ್ಲಿ ಗಣಿತದ ಚರಿತ್ರೆಯ ಒಂದು ಪುಸ್ತಕ ತೆರೆದವನು ನಾಚಿಕೆಯಿಂದ ಮುಚ್ಚಿದೆ. ಕಾರಣ ಮಹಾವೀರಾಚಾರ್ಯ. ಇಪ್ಪತ್ತೆಂಟು ವರ್ಷ ಕವಿರಾಜಮಾರ್ಗ ಎಂದೆ, ನೃಪತುಂಗ ಎಂದೆ, ಮಾನ್ಯಖೇಟ ಎಂದೆ. ಅದೇ ನೃಪತುಂಗನ ಕಾಲದಲ್ಲಿ, ಅವನನ್ನೇ ಹೊಗಳಿ, ಒಬ್ಬ ಜೈನ ಪಂಡಿತ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದಿದ್ದ ಎಂಬುದನ್ನು ಒಂದು ಪಿರಿಯಡ್ಡಿನಲ್ಲಾದರೂ ಹೇಳಿದ್ದೆನೇ? ಒಂದೇ ರಾಜನ ನೆರಳಲ್ಲಿ ಒಬ್ಬರು ಕನ್ನಡ ನುಡಿಯ ಗುಣದೋಷ ವಿಚಾರಿಸುತ್ತಿದ್ದರು, ಇನ್ನೊಬ್ಬರು ಸಂಖ್ಯೆಗಳನ್ನು ಹಾರವಾಗಿ ಪೋಣಿಸುತ್ತಿದ್ದರು.

ಹಾರ ಎಂದದ್ದು ನನ್ನ ಅಲಂಕಾರವಲ್ಲ. ಗುಣಾಕಾರದ ಉದಾಹರಣೆ ಕೊಡುವಾಗ ಮಹಾವೀರಾಚಾರ್ಯರು ಬೇಕೆಂದೇ ಎರಡೂ ಕಡೆಯಿಂದ ಓದಿದರೆ ಒಂದೇ ಆಗುವ ಉತ್ತರ ಬರುವ ಲೆಕ್ಕ ಆರಿಸುತ್ತಾರೆ, ಅಂಥದ್ದಕ್ಕೆ ಕಂಠಾಭರಣ ಎನ್ನುತ್ತಾರೆ. 139ನ್ನು 109ರಿಂದ ಗುಣಿಸಿದರೆ 15151. 1,52,207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 14,28,57,143ನ್ನು ಬರೀ ಏಳರಿಂದ ಗುಣಿಸಿ ನೋಡಿ, ಎರಡು ತುದಿಗೆ ಎರಡು ಒಂದು, ನಡುವೆ ಎಂಟು ಸೊನ್ನೆ. ಕೊರಳಿನ ಎರಡು ಬದಿಗೆ ಒಂದೊಂದು ಹರಳು, ಉಳಿದದ್ದೆಲ್ಲ ಬರಿಯ ಎಳೆ. ಅದೇ ಹತ್ತಂಕಿ, ನನ್ನ ಮೊಬೈಲಿನಷ್ಟೇ ಉದ್ದ! ಇನ್ನೊಂದು ಇನ್ನೂ ಚಂದ. 2,79,94,681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರರ ತನಕ ಹತ್ತಿ, ಅದೇ ಮೆಟ್ಟಿಲಲ್ಲಿ ಇಳಿಯುವುದು. ಇದರ ಒಳಗುಟ್ಟನ್ನು ಬಿಡಿಸಿದಾಗ ನನಗೆ ಮಧ್ಯಾಹ್ನದ ನಿದ್ದೆ ಬರಲಿಲ್ಲ. 441 ಎಂದರೆ 21ರ ವರ್ಗ, ಆ ದೊಡ್ಡದು 5291ರ ವರ್ಗ, ಉತ್ತರ 111111ರ ವರ್ಗ. ಆಚಾರ್ಯರು ಆರು ಒಂದುಗಳನ್ನು 21ರಿಂದ ಒಡೆದು, ಒಡೆದದ್ದು ಕಾಣದ ಹಾಗೆ ಮತ್ತೆ ಬೆಸೆದಿದ್ದಾರೆ. ಅಕ್ಕಸಾಲಿಗನ ಕೈ. ಟಂಕದ ಗುರುತು ಸಿಕ್ಕುವುದಿಲ್ಲ.

ಸಂಖ್ಯೆಯ ಸ್ಥಾನಗಳಿಗೂ ಅವರು ಇಪ್ಪತ್ನಾಲ್ಕು ಹೆಸರು ಕೊಟ್ಟಿದ್ದಾರೆ. ಏಕದಿಂದ ಹೊರಟು ಕೋಟಿ, ಶತಕೋಟಿ, ಅರ್ಬುದ, ಖರ್ವ, ಪದ್ಮ, ಶಂಖ, ಕ್ಷಿತಿ ಎಂದು ಮಹಾಕ್ಷೋಭದಲ್ಲಿ ನಿಲ್ಲುತ್ತದೆ. ಹತ್ತನೆಯದು ಶತಕೋಟಿ. ಆ ಸಂಜೆ ಮನೆಗೆ ಬಂದು, ನನ್ನ ನಂಬರು ಶತಕೋಟಿ ಸ್ಥಾನದ್ದು ಎಂದು ಘೋಷಿಸಿದೆ. “ಶತಕೋಟಿ ಸ್ಥಾನದವರು ಬರುವಾಗ ಕೊತ್ತಂಬರಿ ಸೊಪ್ಪು ತರಬೇಕಿತ್ತು” ಎಂದಳು ಇವಳು.

ಅದೇ ಪುಸ್ತಕದಲ್ಲಿ ನನ್ನಂಥವನೊಬ್ಬನ ಕತೆಯೂ ಇತ್ತು. ಅಂದರೆ, ನನ್ನಂಥವನು ಎಂದು ಆಗ ಅಂದುಕೊಂಡೆ. ಮರ್ಸೆನ್ ಎಂಬ ಫ್ರೆಂಚ್ ಸನ್ಯಾಸಿ 1644ರಲ್ಲಿ ಕೆಲವು ದೊಡ್ಡ ಸಂಖ್ಯೆಗಳ ಪಟ್ಟಿ ಕೊಟ್ಟು ಇವೆಲ್ಲ ಅವಿಭಾಜ್ಯ ಎಂದುಬಿಟ್ಟ. ಅದರಲ್ಲೊಂದು, ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ. 14,75,73,95,25,89,67,64,12,927. ಇಪ್ಪತ್ತೊಂದು ಅಂಕಿ. ನಮ್ಮ ಆಚಾರ್ಯರ ಲೆಕ್ಕದಲ್ಲಿ ಕ್ಷಿತಿ ಸ್ಥಾನ, ಅಂದರೆ ಭೂಮಿ ತೂಕದ್ದು. ಎರಡು ಶತಮಾನಕ್ಕೂ ಹೆಚ್ಚು ಕಾಲ ಜನ ನಂಬಿಕೊಂಡೇ ಇದ್ದರು. 1876ರಲ್ಲಿ ಲೂಕಾ ಎಂಬಾತ ಇದು ಅವಿಭಾಜ್ಯ ಅಲ್ಲ ಎಂದು ತೋರಿಸಿದ. ಆದರೆ ಯಾವುದರಿಂದ ಒಡೆಯುತ್ತದೆ ಎಂದು ಹೇಳಲು ಅವನಿಗೂ ಬರಲಿಲ್ಲ. ಮನೆಯೊಳಗೆ ಕಳ್ಳನಿದ್ದಾನೆ ಎಂದು ನಾಯಿ ಬೊಗಳಿತು, ಕಳ್ಳ ಮಾತ್ರ ಸಿಗಲಿಲ್ಲ.

1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಮಾತಾಡಬೇಕಿತ್ತು. ಆತ ಒಂದು ಮಾತೂ ಆಡಲಿಲ್ಲವಂತೆ. ಬೋರ್ಡಿನ ಹತ್ತಿರ ಹೋಗಿ ಒಂದು ಕಡೆ ಎರಡುಗಳನ್ನು ಗುಣಿಸುತ್ತ ಆ ಇಪ್ಪತ್ತೊಂದಂಕಿ ಬರೆದ. ಇನ್ನೊಂದು ಕಡೆ 19,37,07,721 ಎಂದು ಬರೆದು ಅದನ್ನು 7,61,83,82,57,287ರಿಂದ ಕೈಯಲ್ಲೇ ಗುಣಿಸುತ್ತ ಹೋದ. ಎರಡೂ ಉತ್ತರ ಒಂದೇ ಆಯಿತು. ಸೀಮೆಸುಣ್ಣ ಇಟ್ಟು, ಬಂದು ಕುಳಿತ. ಸಭೆ ಎದ್ದು ಚಪ್ಪಾಳೆ ತಟ್ಟಿತು. ಇದಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ಆಮೇಲೆ ಕೇಳಿದವರಿಗೆ ಮೂರು ವರ್ಷದ ಭಾನುವಾರಗಳು ಎಂದನಂತೆ. ಒಂದು ಗಂಟೆಯ ತರಗತಿಯಲ್ಲಿ ಒಂದು ನಿಮಿಷ ಬಾಯಿ ಮುಚ್ಚದ ನನಗೆ ಈ ಮೌನ ಬಹಳ ನಾಟಿತು. ಆ ಎರಡರಲ್ಲಿ ಚಿಕ್ಕದು ಒಂಬತ್ತಂಕಿ, ಮೊಬೈಲಿಗೆ ಒಂದು ಕಡಿಮೆ. ದೊಡ್ಡದು ಹನ್ನೆರಡಂಕಿ, ಸರಿಯಾಗಿ ಒಂದು ಆಧಾರಿನ ಉದ್ದ. ಗುಣಿಸಲು ಒಂದು ಬೋರ್ಡು ಸಾಕು, ಒಡೆಯಲು ಮೂರು ವರ್ಷ ಬೇಕು. ಈಗ ನಾವು ತರಕಾರಿಯವನಿಗೆ ಫೋನಿನಲ್ಲೇ ದುಡ್ಡು ಕಳಿಸುವಾಗ ಅದನ್ನು ನಡುದಾರಿಯಲ್ಲಿ ಕಳ್ಳರಿಂದ ಕಾಯುವ ಬೀಗಗಳಲ್ಲಿ ಒಂದು ಬಗೆ ಇದೇ ಅಂತೆ. ನೂರಾರು ಅಂಕಿಯ ಸಂಖ್ಯೆ, ಗುಣಿಸಿದವನಿಗೆ ಸುಲಭ, ಒಡೆಯುವವನಿಗೆ ಯುಗ.

ಕೋಲನ ಲೆಕ್ಕಕ್ಕೆ ದೊಡ್ಡಪ್ಪನ ತಾಳೆ ಹಾಕಿ ನೋಡುವ ಚಪಲ ತಡೆಯಲಾಗಲಿಲ್ಲ. ಚಿಕ್ಕದರ ಅಂಕಿ ಕೂಡಿಸಿದೆ, 37. ಮತ್ತೆ ಕೂಡಿಸಿದರೆ ಹತ್ತು, ಮತ್ತೆ ಒಂದು. ದೊಡ್ಡದು 64, ಅದೂ ಹತ್ತು, ಅದೂ ಒಂದು. ಒಂದೊಂದ್ಲ ಒಂದು. ಇಪ್ಪತ್ತೊಂದಂಕಿಯದು 109, ಹತ್ತು, ಒಂದು! ನ್ಯೂಯಾರ್ಕಿನ ಆ ಬೋರ್ಡಿಗೆ ಸಾಗರದ ಅಡಿಕೆ ಮಂಡಿಯಿಂದ ಒಂದು ‘ಸರಿ’ ಗುರುತು ಬಿತ್ತು.

ಚಟ ಹತ್ತಿತು. ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 76,86,36,97,74,870ನ್ನು 24,65,09,97,45,779ರಿಂದ ಮನಸ್ಸಿನಲ್ಲೇ ಗುಣಿಸಿ ಇಪ್ಪತ್ತೆಂಟು ಸೆಕೆಂಡಿನಲ್ಲಿ ಉತ್ತರ ಹೇಳಿದರು. 1,89,47,66,81,77,99,54,26,46,27,73,730. ಇಪ್ಪತ್ತಾರು ಅಂಕಿ. ಮಹಾಕ್ಷೋಭವನ್ನೂ ಎರಡು ಹೆಜ್ಜೆ ದಾಟಿದ್ದು, ಆಚಾರ್ಯರ ಪಟ್ಟಿಯಲ್ಲಿ ಅದಕ್ಕೆ ಹೆಸರೇ ಇಲ್ಲ. ಅದಕ್ಕೂ ತಾಳೆ ಹಾಕಿದೆ. ಮೊದಲನೆಯದು 78, ಹದಿನೈದು, ಆರು. ಎರಡನೆಯದು 74, ಹನ್ನೊಂದು, ಎರಡು. ಆರೆರಡ್ಲ ಹನ್ನೆರಡು, ಅಂದರೆ ಮೂರು. ಉತ್ತರದ ಮೊತ್ತ 138, ಹನ್ನೆರಡು, ಮೂರು. ಸರಿ! ಅವರು ಗುಣಿಸಲು ತೆಗೆದುಕೊಂಡದ್ದು ಇಪ್ಪತ್ತೆಂಟು ಸೆಕೆಂಡು, ನಾನು ಅಂಕಿ ಕೂಡಿಸಲು ತೆಗೆದುಕೊಂಡದ್ದು ನಾಲ್ಕು ನಿಮಿಷ. ಅದೂ ಎರಡನೇ ಪ್ರಯತ್ನದಲ್ಲಿ.

ಭಾದ್ರಪದ ಮುಗಿಯುವ ಹೊತ್ತಿಗೆ 997ರ ಭಾಗಾಕಾರ ಮುಗಿಯಿತು. ಸಾವಿರದೊಳಗಿನ 168ಕ್ಕೂ ನನ್ನ ನಂಬರು ಬಗ್ಗಲಿಲ್ಲ. ಮೂರು ನೋಟುಬುಕ್ಕು ತುಂಬಿದ್ದವು. ಉಳಿದದ್ದು 9,424. ಇದೇ ನಡಿಗೆಯಲ್ಲಿ ಹೋದರೆ ಇನ್ನೂ ಹದಿಮೂರು ಹದಿನಾಲ್ಕು ವರ್ಷ. ಆಯುಷ್ಯದ ಕಡೆಯಿಂದ ನೋಡಿದರೆ ಸ್ವಲ್ಪ ಬಿಗಿ, ಆದರೆ ಆಗದ್ದಲ್ಲ ಎಂದುಕೊಂಡೆ.

ದಸರಾ ರಜೆಗೆ ಮೊಮ್ಮಗಳು ಬಂದಳು. ಬೆಂಗಳೂರಿನಲ್ಲಿ ಒಂಬತ್ತನೇ ಕ್ಲಾಸು. ನೋಟುಬುಕ್ಕುಗಳನ್ನು ತೋರಿಸಿದೆ. ಅವಳು ಮೂರನ್ನೂ ಮರ್ಯಾದೆಯಿಂದಲೇ ತಿರುವಿ ಹಾಕಿದಳು. ಆಮೇಲೆ ಜೇಬಿನಿಂದ ಫೋನು ತೆಗೆದು ಏನೋ ಒತ್ತಿದಳು. ಉಗುರಿನಿಂದ ಸೊಳ್ಳೆ ಕೊಡವುವಷ್ಟು ಹೊತ್ತು ಅಷ್ಟೇ.

“ಅಜ್ಜ, ಇದು ಹದಿನೇಳಕ್ಕೆ ಹೋಗತ್ತೆ.”

“ಹದಿನೇಳು ನಾನು ಮಾಡಿದ್ದೇನೆ. ಮೊದಲನೇ ಬುಕ್ಕು, ಮೊದಲನೇ ಪುಟ.”

ಅವಳು ಮೊದಲನೇ ಬುಕ್ಕಿನ ಮೊದಲನೇ ಪುಟ ತೆಗೆದು ಪೆನ್ಸಿಲಿನಿಂದ ಇಳಿಯುತ್ತ ಬಂದಳು. ಒಂದು ಕಡೆ ಪೆನ್ಸಿಲು ನಿಂತಿತು. ಏಳು ಬರೆದು 119 ಕಳೆಯಬೇಕಾದಲ್ಲಿ, ದುಂಡನೆಯ, ಸ್ವಚ್ಛವಾದ, ಬೋರ್ಡಿನ ಮೇಲೆ ಇಪ್ಪತ್ತೆಂಟು ವರ್ಷ ಬರೆದು ಪಳಗಿದ ಅಕ್ಷರದಲ್ಲಿ, 117.

ನನ್ನ ಎಡಗಿವಿ ಬಿಸಿಯಾಯಿತು. ಯಾರೂ ಮುಟ್ಟಿರಲಿಲ್ಲ.

“ಹದಿನೇಳು ತೆಗೆದ್ರೆ ಉಳಿಯೋದು ಒಂಬತ್ತಂಕಿದು, ಅದು ಪ್ರೈಮು” ಎಂದಳು ಅವಳು, ಸಮಾಧಾನ ಹೇಳುವವಳ ಹಾಗೆ. ಅದರ ಅರ್ಥ ಹೊಳೆಯಲು ನನಗೆ ರಾತ್ರಿಯಾಯಿತು. ನನ್ನ ಸಂಖ್ಯೆಗೆ ಲಕ್ಷದೊಳಗೆ ಇದ್ದದ್ದು ಆ ಒಂದೇ ಬಾಗಿಲು. ಅದರ ಮುಂದೆ ಹೋಗಿ, ಬಡಿದು, ಯಾರೂ ಇಲ್ಲ ಎಂದು ಬರೆದುಕೊಂಡು ಬಂದಿದ್ದೆ. ಇನ್ನು ಹದಿನಾಲ್ಕು ವರ್ಷ ಉಳಿದೆಲ್ಲ ಬಾಗಿಲು ಬಡಿದಿದ್ದರೂ ಯಾವುದೂ ತೆರೆಯುತ್ತಿರಲಿಲ್ಲ. ಎಂಬತ್ತರ ಅಂಚಿನಲ್ಲಿ, ಇದು ಅವಿಭಾಜ್ಯ ಎಂದು ಸಾರಿ, ಕೋಲನ ಹಾಗೆ ಮೌನವಾಗಿ ಬಂದು ಕುಳಿತಿರುತ್ತಿದ್ದೆ. ಅಮೆರಿಕದ ಲೆಕ್ಕಕ್ಕೆ ತಾಳೆ ಹಾಕಿದವನು, ಲಂಡನ್ನಿನ ಲೆಕ್ಕಕ್ಕೆ ತಾಳೆ ಹಾಕಿದವನು, ನನ್ನ 168 ಭಾಗಾಕಾರಗಳಲ್ಲಿ ಒಂದಕ್ಕೂ ಹಾಕಿರಲಿಲ್ಲ.

“ಶಾಮಿಯಾನದವನದು ನೋಡು” ಎಂದೆ ಮಾರನೆಯ ದಿನ, ಆದಷ್ಟೂ ಉದಾಸೀನದ ದನಿಯಲ್ಲಿ. ನನ್ನದಕ್ಕೆ 27,000 ಸೇರಿಸಲು ಹೇಳಿದೆ. ಅವಳು ಒತ್ತಿ ನೋಡಿ ಒಂದು ಕ್ಷಣ ಸುಮ್ಮನಿದ್ದಳು.

“ಪ್ರೈಮು, ಅಜ್ಜ.”

ಅವನಿಗೆ ಗೊತ್ತಿರಲಿಕ್ಕಿಲ್ಲ. ಕುರ್ಚಿಗಳ ಬೆನ್ನ ಮೇಲೆಲ್ಲ ಬರೆಸಿಕೊಂಡು, ಊರೂರಿನ ಮದುವೆಗೆ ಕಳಿಸುತ್ತಾನೆ, ಅದರ ಮೇಲೆ ಜನ ಒರಗಿ ಕುಳಿತು ಹೋಳಿಗೆ ತಿಂದು ಏಳುತ್ತಾರೆ.

ಆ ಭಾನುವಾರ ಇವಳ ಹರಕೆಯ ಸತ್ಯನಾರಾಯಣ ಪೂಜೆ. ಐವತ್ತು ಕುರ್ಚಿ, ಮುಂದಕ್ಕೊಂದು ಚಪ್ಪರ ಬೇಕಿತ್ತು. “ಅವನಿಗೇ ಹೇಳಿಬಿಡಿ, ಇಷ್ಟು ವರ್ಷದ ಪರಿಚಯ” ಎಂದಳು. ನಾನು ನೆನಪಿನಿಂದಲೇ ಒತ್ತಿದೆ. ಬಿಜಿ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದೆ, ಮತ್ತೆ ಬಿಜಿ. “ಹಬ್ಬದ ಟೈಮು ನೋಡು, ಪಾಪ ಪುರುಸೊತ್ತಿಲ್ಲ” ಎಂದು ಇವಳಿಗೆ ಹೇಳಿ ಮೂರನೇ ಸಲ ಒತ್ತುವಾಗ ಮೊಮ್ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಅಜ್ಜ, ಇದು ನಿನ್ನದೇ ನಂಬರು.”